ಖಾಲಿ ಕೊಟ್ಟಿಗೆಗೆ ಕಾವು, ಖಾಲಿ ಸದನಕ್ಕೆ ಸಂಬಳ

ಉತ್ತರ ಐರ್ಲೆಂಡಿನ ವಿಧಾನಸಭೆ ಇರುವ ಕಟ್ಟಡಕ್ಕೆ ಒಂದು ಕಾಲದಲ್ಲಿ ಸಗಣಿ ಬಳಿದಿದ್ದರು. ತಮಾಷೆ ಅಲ್ಲ. ಬೆಲ್‌ಫಾಸ್ಟ್ ನಗರದ ಅಂಚಿನ ಸ್ಟಾರ್ಮಂಟ್ ಗುಡ್ಡದ ಮೇಲೆ 1932ರಲ್ಲಿ ಬಾಗಿಲು ತೆರೆದ ಬಿಳಿ ಕಲ್ಲಿನ ಕಟ್ಟಡ ಅದು. ಅಗಲ 365 ಅಡಿ, ವರ್ಷದ ದಿನಕ್ಕೊಂದು ಅಡಿಯ ಲೆಕ್ಕ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳ ಕಣ್ಣಿಗೆ ಬೀಳದಿರಲಿ ಅಂತ ಡಾಂಬರಿಗೆ ಸಗಣಿ ಕಲಸಿ ಗೋಡೆಗೆ ಹಚ್ಚಿದರು. ಯುದ್ಧ ಮುಗಿದ ಮೇಲೆ ತೊಳೆದರೆ ಹೋಗುತ್ತೆ ಅಂದುಕೊಂಡಿದ್ದರು. ತೊಳೆಯುವುದಕ್ಕೆ ವರ್ಷಗಳೇ ಹಿಡಿದವು. ಹಳೆಯ ಬಿಳುಪು ಮಾತ್ರ ವಾಪಸ್ ಬರಲೇ ಇಲ್ಲ. ನಮ್ಮ ಅಂಗಳಕ್ಕೆ ಸಾರಿಸಿದ ಸಗಣಿ ಒಂದು ಮಳೆಗೆ ಎದ್ದು ಹೋಗುತ್ತೆ. ಡಾಂಬರು ಬೆರೆಸಿದ್ದೇ ಎಡವಟ್ಟಾಯಿತು.

ಆಗ ಕಟ್ಟಡ ಕಾಣಬಾರದಿತ್ತು. ಈಗ ಕಟ್ಟಡ ಮೈಲಿ ದೂರಕ್ಕೂ ಕಾಣುತ್ತೆ. ಆಗಾಗ ಕಾಣದೆ ಹೋಗುವುದು ಅದರೊಳಗಿನ ಸರ್ಕಾರ.

1998ರ ಗುಡ್ ಫ್ರೈಡೇ ಒಪ್ಪಂದದಲ್ಲಿ ಹುಟ್ಟಿದ ಏರ್ಪಾಡು ಇದು. ಮೂವತ್ತು ವರ್ಷ ಬಾಂಬು, ಬಂದೂಕು ನೋಡಿದ ಊರು. ಬ್ರಿಟನ್ ಜೊತೆಗೇ ಇರಬೇಕು ಎನ್ನುವವರು, ಐರ್ಲೆಂಡ್ ಒಂದಾಗಬೇಕು ಎನ್ನುವವರು ಒಟ್ಟಿಗೆ ಕೂತು ಆಳಲಿ ಅಂತ ಲಂಡನ್ ತನ್ನ ಅಧಿಕಾರದ ಒಂದು ಪಾಲನ್ನು ಇಳಿಸಿಕೊಟ್ಟಿತು. ಆಸ್ಪತ್ರೆ, ಶಾಲೆ, ರಸ್ತೆ, ಕೃಷಿ ಎಲ್ಲ ಇವರದ್ದು. ಗಾಡಿಗೆ ಇಬ್ಬರು ಸಾರಥಿಗಳು, ಫಸ್ಟ್ ಮಿನಿಸ್ಟರ್ ಮತ್ತು ಡೆಪ್ಯುಟಿ ಫಸ್ಟ್ ಮಿನಿಸ್ಟರ್. ಹೆಸರಿಗಷ್ಟೇ ಡೆಪ್ಯುಟಿ, ಅಧಿಕಾರ ಇಬ್ಬರಿಗೂ ಸಮ. ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರ ಕುರ್ಚಿಯೂ ಹೋಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಆ ಗಾದೆಗೆ ಕಾನೂನಿನ ರೂಪ ಕೊಟ್ಟ ದೇಶ ಅದೊಂದೇ ಇರಬೇಕು.

ದುಡ್ಡು? ದುಡ್ಡಿನ ದೊಡ್ಡ ಪಾಲು ಲಂಡನ್ನಿಂದಲೇ ಬರಬೇಕು. ಮದುವೆಯಾಗಿ ಬೇರೆ ಮನೆ ಹೂಡಿದ ಮಗನಿಗೆ ಅಕ್ಕಿ, ಬೇಳೆ, ಎಣ್ಣೆ ಎಲ್ಲ ಅಪ್ಪನ ಮನೆಯಿಂದಲೇ ಬಂದ ಹಾಗೆ. ಎಷ್ಟು ಕಳಿಸಬೇಕು ಅನ್ನುವುದಕ್ಕೆ ಬಾರ್ನೆಟ್ ಸೂತ್ರ ಅಂತ ಒಂದಿದೆ. ಜೋಯೆಲ್ ಬಾರ್ನೆಟ್ ಎಂಬ ಖಜಾನೆ ಮಂತ್ರಿ 1970ರ ದಶಕದ ಕೊನೆಯಲ್ಲಿ ತಾತ್ಕಾಲಿಕ ಅಂತ ಹೊಸೆದದ್ದು. ಮುಂದೆ ಅವರೇ ಇದನ್ನು ತೆಗೆದುಹಾಕಿ ಅಂದರು. ಅವರು 2014ರಲ್ಲಿ ತೀರಿಕೊಂಡರು. ಸೂತ್ರ ಇನ್ನೂ ಗಟ್ಟಿಮುಟ್ಟಾಗಿದೆ.

ಅಪ್ಪನ ಮನೆಯ ಅಕ್ಕಿ ಆದರೆ ಅಳತೆ ಯಾಕೆ ಅಲ್ವಾ? ಹಾಗಂದುಕೊಂಡಿದ್ದರಿಂದಲೇ ಬಾಯ್ಲರ್ ಕತೆ ಆಗಿದ್ದು.

2012ರಲ್ಲಿ ಉತ್ತರ ಐರ್ಲೆಂಡ್ ಸರ್ಕಾರ ಪರಿಸರದ ಹೆಸರಲ್ಲಿ ಒಂದು ಸಬ್ಸಿಡಿ ಯೋಜನೆ ತಂದಿತು. ಸೀಮೆಎಣ್ಣೆ, ಗ್ಯಾಸು ಬಿಡಿ, ಮರದ ಹೊಟ್ಟಿನ ಉಂಡೆ ಸುಟ್ಟು ಕಟ್ಟಡ ಬೆಚ್ಚಗಿಡುವ ಬಾಯ್ಲರ್ ಹಾಕಿಸಿ, ಇಪ್ಪತ್ತು ವರ್ಷ ದುಡ್ಡು ಕೊಡ್ತೀವಿ ಎಂದಿತು. ಬ್ರಿಟನ್ನಿನ ಉಳಿದ ಕಡೆ ಇಂಥದ್ದೇ ಯೋಜನೆ ಇತ್ತು. ಅಲ್ಲಿ ಒಂದು ಮಿತಿ ದಾಟಿ ಉರಿಸಿದರೆ ಸಬ್ಸಿಡಿ ದರ ಇಳಿಯುತ್ತಿತ್ತು. ಇಲ್ಲಿ ಆ ಮಿತಿಯನ್ನೇ ಕೈಬಿಟ್ಟರು. ಫಲ ಏನಪ್ಪಾ ಅಂದರೆ, ಒಂದು ಪೌಂಡ್ ಉರುವಲು ಸುಟ್ಟರೆ ಸರ್ಕಾರದಿಂದ 1.60 ಪೌಂಡ್ ಕೈಗೆ ಬರುತ್ತಿತ್ತು. ಎಷ್ಟು ಸುಡ್ತೀರೋ ಅಷ್ಟು ಲಾಭ. ಬೂದಿಗೆ ಕಾಸು ಅಂತ ಜನ ಹೆಸರಿಟ್ಟರು.

ನಮ್ಮಜ್ಜಿ ನೆನಪಾಗುತ್ತಾರೆ. ಬಚ್ಚಲೊಲೆಯಲ್ಲಿ ಹಂಡೆ ನೀರು ಕಾದ ತಕ್ಷಣ ಉರಿಯುತ್ತಿದ್ದ ಕುಂಟೆಯನ್ನು ಹೊರಗೆಳೆದು, ಒಂದು ಚೊಂಬು ನೀರು ಚಿಮುಕಿಸಿ, ಗೋಡೆಗೆ ಒರಗಿಸಿಡುತ್ತಿದ್ದರು. ನಾಳೆಗೆ ಅಂತ. ಸುಮ್ನೆ ಉರಿಯಲು ಬಿಟ್ಟರೆ ಬೈಗುಳ ಇಡೀ ಕೇರಿಗೆ ಕೇಳಿಸುತ್ತಿತ್ತು. ಆ ಯೋಜನೆಯ ಕಡತವನ್ನು ಅಜ್ಜಿಗೆ ಯಾರಾದರೂ ಓದಿ ಹೇಳಿದ್ದರೆ, ಎರಡೇ ನಿಮಿಷದಲ್ಲಿ 'ಹುಚ್ಚು ಹಿಡಿದಿದೆಯೇನೋ ಇವರಿಗೆ' ಅನ್ನುತ್ತಿದ್ದರು.

ಅಲ್ಲಿಯೂ ಒಬ್ಬ ಮಹಿಳೆ ಹಾಗೇ ಹೇಳಿದ್ದರು. ವಿದ್ಯುತ್, ಉರುವಲು ಉಳಿಸುವ ಉಪಕರಣ ಮಾರುವ ಸಣ್ಣ ವ್ಯಾಪಾರಸ್ಥೆ. ಜನ ಕಿಟಕಿ ತೆರೆದಿಟ್ಟು ಬಾಯ್ಲರ್ ಉರಿಸ್ತಾ ಇದ್ದಾರೆ, ಉಳಿತಾಯ ಯಾರಿಗೂ ಬೇಡವಾಗಿದೆ ಅಂತ 2013ರಲ್ಲೇ ಇಲಾಖೆಗೆ ಬರೆದರು. ಹೋಗಿ ಅಧಿಕಾರಿಗಳನ್ನೂ ಕಂಡರು. ಜನ ಹಾಗೆಲ್ಲ ಮಾಡ್ತಾರೆ ಅಂತ ನಮಗೆ ಅನ್ನಿಸುವುದಿಲ್ಲ ಎಂಬ ಧಾಟಿಯ ಉತ್ತರ ಸಿಕ್ಕಿತು. ಎಂಥ ಒಳ್ಳೆಯ ಮನಸ್ಸು ನೋಡಿ. ಮನುಷ್ಯರ ಮೇಲೆ ಇಷ್ಟು ನಂಬಿಕೆ ಇರುವ ಇಲಾಖೆ ಜಗತ್ತಿನಲ್ಲಿ ಇನ್ನೆಲ್ಲೂ ಸಿಗಲಿಕ್ಕಿಲ್ಲ.

2016ರ ಆರಂಭದಲ್ಲಿ ಇನ್ನೊಂದು ದೂರು ಪತ್ರ ಬಂತು. ಒಬ್ಬ ರೈತ ಖಾಲಿ ಕೊಟ್ಟಿಗೆಯನ್ನು ಬೆಚ್ಚಗಿಟ್ಟು ಇಪ್ಪತ್ತು ವರ್ಷದಲ್ಲಿ ಹತ್ತು ಲಕ್ಷ ಪೌಂಡ್ ಎಣಿಸಲಿದ್ದಾನೆ ಅಂತ ಅದರಲ್ಲಿತ್ತು. ಕೊಟ್ಟಿಗೆಯಲ್ಲಿ ದನ ಇಲ್ಲ, ಕೋಳಿ ಇಲ್ಲ. ಗಾಳಿಗೆ ಮಾತ್ರ ಚಳಿಯಾಗಬಾರದು.

ಅಷ್ಟು ಹೊತ್ತಿಗೆ ಊರು ಕೊಳ್ಳೆ ಹೋಗಿತ್ತು. ದರ ಇಳಿಸ್ತಾರಂತೆ ಅನ್ನುವ ಸುದ್ದಿ ಮೊದಲೇ ಹೊರಬಿದ್ದು 2015ರ ಕೊನೆಯಲ್ಲಿ ಅರ್ಜಿಗಳ ಜಾತ್ರೆಯೇ ನಡೆದಿತ್ತು. ಎರಡು ಸಾವಿರಕ್ಕೂ ಹೆಚ್ಚು ಬಾಯ್ಲರ್ ಕೂತವು. ಇಪ್ಪತ್ತು ವರ್ಷದಲ್ಲಿ ಬೀಳಬಹುದಾದ ಹೆಚ್ಚುವರಿ ಹೊರೆ 49 ಕೋಟಿ ಪೌಂಡ್ ಅಂತ ಅಂದಾಜಾಯಿತು. ಲಂಡನ್ ದುಡ್ಡು ತಾನೇ ಅಂದುಕೊಂಡಿದ್ದವರಿಗೆ ಲಂಡನ್ನೇ ಬುದ್ಧಿ ಕಲಿಸಿತು. ನಿಗದಿಗಿಂತ ಜಾಸ್ತಿ ಆದದ್ದು ನಿಮ್ಮ ಪಾಲಿನಿಂದಲೇ ಕಡಿತ ಎಂದಿತು.

ಇನ್ನು ಸದನಕ್ಕೆ ಉತ್ತರ ಕೊಡುವ ಸರದಿ. ಯೋಜನೆ ತಂದಾಗ ಇಲಾಖೆಯ ಮಂತ್ರಿಯಾಗಿದ್ದ ಅರ್ಲೀನ್ ಫಾಸ್ಟರ್ ಅಷ್ಟರಲ್ಲಿ ಫಸ್ಟ್ ಮಿನಿಸ್ಟರ್ ಆಗಿದ್ದರು, ಬ್ರಿಟನ್ ಜೊತೆಗೇ ಇರಬೇಕು ಎನ್ನುವ ಪಕ್ಷದವರು. 2016ರ ಡಿಸೆಂಬರ್ 19ರಂದು ವಿಶೇಷ ಅಧಿವೇಶನ ಕರೆದರು. ಹೇಳಿಕೆ ಕೊಡಲು ಅವರು ಎದ್ದು ನಿಂತರೆ, ಐರ್ಲೆಂಡ್ ಒಂದಾಗಬೇಕು ಎನ್ನುವ ಪಕ್ಷದ ಡೆಪ್ಯುಟಿ ಮಾರ್ಟಿನ್ ಮೆಗಿನೆಸ್ ಕಡೆಯಿಂದ ತಕರಾರು. ಇದಕ್ಕೆ ನನ್ನ ಒಪ್ಪಿಗೆ ಇಲ್ಲ, ಹಾಗಾಗಿ ಇದು ನಮ್ಮ ಕಚೇರಿಯ ಹೇಳಿಕೆಯೇ ಅಲ್ಲ ಅಂತ. ಅಂದರೆ ಎದ್ದು ನಿಂತವರು ಯಾರು? ಸರ್ಕಾರವೋ, ಅರ್ಧ ಸರ್ಕಾರವೋ, ಕ್ರಿಸ್‌ಮಸ್ ಶಾಪಿಂಗ್ ಮಧ್ಯೆ ಹೀಗೇ ಬಂದು ಹೋದ ಒಬ್ಬ ನಾಗರಿಕರೋ? ಬೇರೆ ಪಕ್ಷದವರೆಲ್ಲ ಸಭಾತ್ಯಾಗ ಮಾಡಿದರು. ಫಾಸ್ಟರ್ ತಮ್ಮ ಪಕ್ಷದ ಬೆಂಚುಗಳಿಗೆ ತಮ್ಮ ಹೇಳಿಕೆ ಓದಿದರು. ಖಾಲಿ ಕೊಟ್ಟಿಗೆಗೆ ಕಾವು ಅಂದರೆ ಇದೇ.

ಆಮೇಲೆ ಅವರನ್ನು ಹುದ್ದೆಯಿಂದ ದೂರ ಇಡಬೇಕು ಎಂಬ ನಿರ್ಣಯ ಮತಕ್ಕೆ ಬಿತ್ತು. ಪರ 39, ವಿರುದ್ಧ 36. ನಿರ್ಣಯ ಬಿದ್ದುಹೋಯಿತು! ನಿಮಗೆ ಗಣಿತ ತಪ್ಪಿಲ್ಲ. ಅಲ್ಲಿ ಶಾಸಕರು ಗೆದ್ದು ಬಂದ ದಿನವೇ ತಾವು ಯಾವ ಕಡೆಯವರು ಅಂತ ಬರೆದು ಕೊಡಬೇಕು. ಇಂಥ ನಿರ್ಣಯಕ್ಕೆ ಎರಡೂ ಕಡೆಯ ಬಹುಮತ ಬೇಕು. ಒಂದು ಕಡೆಯವರು ಬೇಡ ಅಂದರೆ ಮೂವತ್ತೊಂಬತ್ತಕ್ಕಿಂತ ಮೂವತ್ತಾರೇ ದೊಡ್ಡದು. ಅಲ್ಪಸಂಖ್ಯಾತರನ್ನು ಕಾಯಲು ಮಾಡಿದ ಬೇಲಿ. ಅದರ ನೆರಳಲ್ಲಿ ಬಾಯ್ಲರೂ ತಣ್ಣಗೆ ಕೂತಿತು.

ಇದಾಗಿ ನಾಲ್ಕೇ ದಿನ. ಡಿಸೆಂಬರ್ 23ರಂದು ಫಾಸ್ಟರ್ ಪಕ್ಷದ ಇನ್ನೊಬ್ಬ ಮಂತ್ರಿಯ ಇಲಾಖೆಗೆ ಇದ್ದಕ್ಕಿದ್ದಂತೆ ಮಿತವ್ಯಯದ ಜ್ಞಾನೋದಯವಾಯಿತು. ಐರಿಷ್ ಭಾಷೆ ಕಲಿಯಲು ಹೋಗುವವರಿಗೆ ಕೊಡುತ್ತಿದ್ದ 50 ಸಾವಿರ ಪೌಂಡ್ ಅನುದಾನ ರದ್ದು. ಕಾರಣ ಉಳಿತಾಯ. ಆ ಇಮೇಲ್ ಕೊನೆಗೆ 'ಹ್ಯಾಪಿ ಕ್ರಿಸ್‌ಮಸ್, ಹ್ಯಾಪಿ ನ್ಯೂ ಇಯರ್' ಅಂತ ಶುಭಾಶಯ ಬೇರೆ. ಆನೆ ಹೋದ ದಾರಿ ಕಾಣಲಿಲ್ಲ, ಸಾಸಿವೆ ಕಾಳಿಗೆ ದೀಪ ಹಿಡಿದು ಹುಡುಕಿದರು. ಜನ ಸಿಟ್ಟಿಗೆದ್ದ ಮೇಲೆ ಜನವರಿಯಲ್ಲಿ ಅದೇ ಮಂತ್ರಿಗೆ ಅದೇ ದುಡ್ಡು ಎಲ್ಲೋ ಸಿಕ್ಕಿತು. ಆದರೆ ಅಷ್ಟರಲ್ಲಿ ತಡವಾಗಿತ್ತು. ಜನವರಿ 9, 2017ರಂದು ಮೆಗಿನೆಸ್ ರಾಜೀನಾಮೆ ಕೊಟ್ಟಿದ್ದರು. ಜೋಡಿ ಕುರ್ಚಿ ಒಟ್ಟಿಗೇ ಮಗುಚಿತ್ತು.

ನಮ್ಮಲ್ಲಿ ಶಾಸಕರು ಪ್ರಶ್ನೆ ಕೇಳಿದರೆ 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಅಂತ ಉತ್ತರ ಬರುತ್ತೆ. ನಾವು ಅದಕ್ಕೇ ಗೊಣಗ್ತೀವಿ. ಅಲ್ಲಿ ಮೂರು ವರ್ಷ ಉತ್ತರ ಕೊಡುವ ಮಂತ್ರಿಯೇ ಇರಲಿಲ್ಲ. ಚುನಾವಣೆ ನಡೆಯಿತು, ತೊಂಬತ್ತು ಜನ ಗೆದ್ದರು, ಸಂಬಳ ಎಣಿಸಿದರು. ಸರ್ಕಾರವಿಲ್ಲದೆ ಅತಿ ಹೆಚ್ಚು ದಿನ ಕಳೆದ ಬೆಲ್ಜಿಯಂನ 589 ದಿನಗಳ ಲೆಕ್ಕವನ್ನು 2018ರ ಆಗಸ್ಟಿನಲ್ಲಿ ದಾಟಿದರು. ಬೇಸತ್ತ ಜನ ಬೀದಿಗೆ ಬಂದರು. ಕೊನೆಗೆ ಲಂಡನ್ ಶಾಸಕರ ಸಂಬಳಕ್ಕೆ ಕತ್ತರಿ ಹಾಕಿತು. ಪೂರ್ತಿ ಅಲ್ಲ, ಶೇ. 27.5. ಕೆಲಸ ಪೂರ್ತಿ ನಿಂತರೂ ಮುಕ್ಕಾಲು ಪಾಲು ಸಂಬಳಕ್ಕೆ ಮೋಸ ಇಲ್ಲ.

ಕತ್ತರಿ ಹಿಡಿದ ಲಂಡನ್ ಮಂತ್ರಿ ಕ್ಯಾರೆನ್ ಬ್ರಾಡ್ಲಿ ಅವರದ್ದೂ ಒಂದು ಮಾತಿದೆ. ಅಲ್ಲಿನ ಐರಿಷ್ ರಾಷ್ಟ್ರೀಯವಾದಿಗಳು ಬ್ರಿಟನ್ ಪರ ಪಕ್ಷಗಳಿಗೆ ಮತ ಹಾಕುವುದಿಲ್ಲ ಅನ್ನುವುದು ಉತ್ತರ ಐರ್ಲೆಂಡ್ ಖಾತೆಗೆ ಬರುವ ಮೊದಲು ತಮಗೆ ಗೊತ್ತಿರಲಿಲ್ಲ ಅಂತ 2018ರಲ್ಲಿ ಒಂದು ಸಂದರ್ಶನದಲ್ಲಿ ಒಪ್ಪಿಕೊಂಡರು. ಪ್ರಾಮಾಣಿಕರು, ಇರಲಿ ಬಿಡಿ.

ಆ ಮೂರು ವರ್ಷ ಊರು ನಡೆಸಿದ್ದು ಕಚೇರಿ ನೌಕರರು. ಇದರಲ್ಲೂ ಒಂದು ಒಲೆ ಬಂತು ನೋಡಿ. ಮಲ್ಲಸ್ಕ್ ಎಂಬಲ್ಲಿ 24 ಕೋಟಿ ಪೌಂಡ್ ವೆಚ್ಚದ ಕಸ ಸುಡುವ ಘಟಕಕ್ಕೆ ಇಲಾಖೆಯ ಅಧಿಕಾರಿ ಒಪ್ಪಿಗೆ ಕೊಟ್ಟರು. ಮಂತ್ರಿ ಇಲ್ಲದೆ ನಿನಗೆಲ್ಲಿಯ ಅಧಿಕಾರ ಅಂತ 2018ರಲ್ಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿತು. ಮಂತ್ರಿ ಇದ್ದಾಗ ಸಿಕ್ಕಿದ್ದೆಲ್ಲ ಸುಟ್ಟರು, ಮಂತ್ರಿ ಇಲ್ಲದಾಗ ಕಸವನ್ನೂ ಸುಡಲಾಗಲಿಲ್ಲ. ಇತ್ತ ನರ್ಸ್‌ಗಳು ಬ್ರಿಟನ್ನಿನ ಉಳಿದವರಷ್ಟು ಸಂಬಳ ಕೊಡಿ ಅಂತ ಕೇಳಬೇಕು, ಯಾರನ್ನು ಕೇಳಬೇಕು? 2019ರ ಡಿಸೆಂಬರಿನಲ್ಲಿ ಅವರ ಸಂಘ ತನ್ನ 103 ವರ್ಷದ ಇತಿಹಾಸದಲ್ಲಿ ಮೊದಲ ಸಲ ಮುಷ್ಕರಕ್ಕೆ ಇಳಿಯಿತು. ಚಳಿಯಲ್ಲಿ, ಆಸ್ಪತ್ರೆ ಗೇಟಿನ ಮುಂದೆ. ಅಲ್ಲಿಗೆ ಯಾವ ಬಾಯ್ಲರಿನ ಕಾವೂ ತಲುಪಲಿಲ್ಲ.

ಉತ್ತರಗಳು ಕೊನೆಗೂ ಹೊರಬಂದದ್ದು ಸದನದಲ್ಲಲ್ಲ, ನಿವೃತ್ತ ನ್ಯಾಯಾಧೀಶ ಪ್ಯಾಟ್ರಿಕ್ ಕಾಗ್ಲಿನ್ ಅವರ ವಿಚಾರಣೆಯಲ್ಲಿ. ಸದನದ ಮುಂದೆ ತಾವೇ ಇಟ್ಟ ನಿಯಮಾವಳಿಯನ್ನು ತಾವು ಓದಿರಲಿಲ್ಲ ಎಂದು ಫಾಸ್ಟರ್ ಒಪ್ಪಿಕೊಂಡರು. ನಾಗರಿಕ ಸೇವೆಯ ಮುಖ್ಯಸ್ಥ ಡೇವಿಡ್ ಸ್ಟರ್ಲಿಂಗ್ ಅವರದ್ದು ಇನ್ನೂ ಚೆನ್ನಾಗಿತ್ತು. ಮಂತ್ರಿಗಳ ಜೊತೆಗಿನ ಎಲ್ಲ ಸಭೆಗಳ ನಡಾವಳಿ ಬರೆದಿಡದೆ ಇರುವುದು ಅಭ್ಯಾಸವಾಗಿಬಿಟ್ಟಿತ್ತಂತೆ. ಬರೆದಿಟ್ಟರೆ ಮಾಹಿತಿ ಹಕ್ಕಿನಲ್ಲಿ ಯಾರಾದರೂ ಕೇಳಿಬಿಟ್ಟರೆ? ಬರೆಯದೆ ಇದ್ದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಇದು ಒಂದೇ ಪಕ್ಷದ ಕತೆ ಅಂದುಕೊಳ್ಳಬೇಡಿ. ಮೆಗಿನೆಸ್ ಪಕ್ಷದ ಹಣಕಾಸು ಮಂತ್ರಿ, ಬಾಯ್ಲರ್ ಖರ್ಚು ತಗ್ಗಿಸುವ ಕಡತಕ್ಕೆ ಸಹಿ ಹಾಕಲೇ ಅಂತ ಒಪ್ಪಿಗೆ ಕೇಳಿ ಇಮೇಲ್ ಮಾಡಿದ್ದು ತಮ್ಮ ಪಕ್ಷದ ಒಬ್ಬ ಹಿರಿಯರಿಗೆ. ಆ ಹಿರಿಯರು ಯಾವ ಚುನಾವಣೆಯಲ್ಲೂ ಗೆದ್ದು ಸದನಕ್ಕೆ ಬಂದವರಲ್ಲ.

2020ರ ಮಾರ್ಚ್ 13ರಂದು ವರದಿ ಬಂತು. 319 ತೀರ್ಮಾನ, 44 ಶಿಫಾರಸು. ಭ್ರಷ್ಟಾಚಾರ ಅಲ್ಲ, ತಪ್ಪಿನ ಮೇಲೆ ತಪ್ಪು ಪೇರಿಸಿದ್ದು ಅಂತ ಸಾರ. ಹತ್ತೇ ದಿನಕ್ಕೆ ಲಾಕ್‌ಡೌನ್ ಬಂತು. ಇಷ್ಟು ಒಳ್ಳೆಯ ಮುಹೂರ್ತ ಯಾವ ಜ್ಯೋತಿಷಿಯೂ ಇಟ್ಟುಕೊಡಲಾರ.

ಅದೇ ವರ್ಷದ ಜನವರಿಯಲ್ಲಿ ಸರ್ಕಾರ ಮತ್ತೆ ಕೂತಿತ್ತು. 2022ರ ಫೆಬ್ರವರಿಯಲ್ಲಿ ಮತ್ತೆ ಎದ್ದು ಹೋಯಿತು. ಈ ಸಲ ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟ ಬ್ರೆಕ್ಸಿಟ್‌ನ ಗಡಿ ಜಗಳ, ಎದ್ದು ಹೋದದ್ದು ಮೆಗಿನೆಸ್ ಕಡೆಯವರಲ್ಲ, ಫಾಸ್ಟರ್ ಕಡೆಯವರು. ನ್ಯಾಯ ಅಂದ ಮೇಲೆ ಸರದಿ ಇರಬೇಕು ತಾನೇ. ಸ್ಪೀಕರ್ ಆಯ್ಕೆಗೆ ಅಂತ ಮತ್ತೆ ಮತ್ತೆ ಸದನ ಕರೆದರು. ಎಲ್ಲರೂ ಬಂದು, ಒಬ್ಬರನ್ನೊಬ್ಬರು ಬೈದು, ಸ್ಪೀಕರ್ ಇಲ್ಲದೆ ಸದನ ನಡೆಯದು ಅಂತ ಮನೆಗೆ ಹೋದರು. ಸಂಬಳಕ್ಕೆ ಮತ್ತೆ ಅದೇ ಶೇ. 27.5 ಕತ್ತರಿ. ಆ ಅಂಕಿಯನ್ನು ಕಟ್ಟಡದ ಗೋಡೆಗೇ ಕೆತ್ತಿಸಿಬಿಡಬಹುದು, ಪ್ರತಿ ಸಲ ಹುಡುಕುವ ಕಷ್ಟ ತಪ್ಪುತ್ತೆ.

2024ರ ಜನವರಿಯಲ್ಲಿ ಬಸ್ಸು, ಶಾಲೆ, ಆಸ್ಪತ್ರೆ ಎಲ್ಲದರ ನೌಕರರೂ ಒಟ್ಟಿಗೆ ಮುಷ್ಕರ ಹೂಡಿದರು. ಲಂಡನ್ 330 ಕೋಟಿ ಪೌಂಡ್ ಗಂಟು ತೋರಿಸಿ, ಮೊದಲು ಸದನಕ್ಕೆ ವಾಪಸ್ ಬನ್ನಿ ಎಂದಿತ್ತು. ಫೆಬ್ರವರಿ 3ರಂದು ಬಂದರು. ಗಂಟಿನ ಜೊತೆ ಒಂದು ಚೀಟಿಯೂ ಇತ್ತು. ನೀವೂ ಸ್ವಲ್ಪ, ಒಂದು 11.3 ಕೋಟಿ ಪೌಂಡ್ ಸ್ವಂತವಾಗಿ ಎತ್ತಿ ಅಂತ. ಮನೆಗಳಿಗೆ ಪ್ರತ್ಯೇಕ ನೀರಿನ ಬಿಲ್ಲೇ ಬಾರದ ಊರು ಅದು. ಬಿಲ್ ಕಳಿಸಿದರೆ ಮುಂದಿನ ಚುನಾವಣೆಯಲ್ಲಿ ಜನರಿಗೆ ಉತ್ತರ ಕೊಡಬೇಕಾಗುತ್ತೆ.

ಎರಡು ವರ್ಷ ಒಬ್ಬರ ಮುಖ ಒಬ್ಬರು ನೋಡದವರು ಮೂರನೇ ದಿನಕ್ಕೆ ಒಂದೇ ಮೇಜಿನ ಸುತ್ತ ಕೂತರು. ಮೊದಲ ಸಂಪುಟ ಸಭೆ. ಈ ದುಡ್ಡು ಸಾಲದು, ಇನ್ನೂ ಬೇಕು ಅಂತ ಲಂಡನ್ನಿಗೆ ಪತ್ರ ಹೋಯಿತು. ನಡಾವಳಿ ಬರೆದಿಡಲು ಹೆದರುವ ಊರಲ್ಲಿ ಇದನ್ನು ಮಾತ್ರ ಬರೆದೇ ಕಳಿಸಿದರು.