ದೃಷ್ಟಿ ತಾಗದಿರಲಿ

ಮೃಗಶಿರಾ ಮಳೆ ಹಿಡಿಯುವುದರೊಳಗೆ ಮಲೆನಾಡಿನಲ್ಲಿ ಎರಡು ಬೆಳಕು: ಮೇಲೆ ಮಿಂಚು, ಕೆಳಗೆ ವೆಲ್ಡಿಂಗು. ಅಡಿಕೆ ಅಂಗಳಕ್ಕೆ ಶೀಟಿನ ಮಾಡು, ಎರಚಲು ತಡೆಯಲು ಇಳಿಮಾಡು, ಹೊಸ ಮನೆಗೆ ಗೇಟು, ಎಲ್ಲಕ್ಕೂ ಅದೇ ಹದಿನೈದು ದಿನ. ಮಿಂಚು ಕಂಡೊಡನೆ ಓಡಿಹೋಗಿ ಟಿ.ವಿ. ಪ್ಲಗ್ಗು ಕೀಳುವ ಯಜಮಾನರು, ವೆಲ್ಡಿಂಗನ್ನು ಮಾತ್ರ ಕುರ್ಚಿ ಹಾಕಿಕೊಂಡು, ಮೊಮ್ಮಗನನ್ನೂ ತೊಡೆಯ ಮೇಲೆ ಕೂರಿಸಿಕೊಂಡು ನೋಡುತ್ತಾರೆ.

ಗೇಟಿನ ಕಬ್ಬಿಣಕ್ಕೆ ತುಕ್ಕು ಹಿಡಿಯಬಾರದೆಂದು ಎರಡು ಕೋಟು ರೆಡ್ ಆಕ್ಸೈಡ್. ಅದನ್ನು ಮಾಡುವವನ ಕಣ್ಣಿಗೆ ಸಂತೆಯ ಕೂಲಿಂಗ್ ಗ್ಲಾಸು. ಕಪ್ಪಗಿದೆಯಲ್ಲ, ಇನ್ನೇನು?

ಇನ್ನೇನೆಂದರೆ ಲೆಕ್ಕ. ವೆಲ್ಡಿಂಗ್ ಗಾಜಿನ ಕಪ್ಪಿಗೆ ನಂಬರುಂಟು, ಅದು ಒಂದು ಏರಿದರೆ ಒಳಬರುವ ಬೆಳಕು ಸುಮಾರು 2.7 ಪಟ್ಟು ಇಳಿಯುತ್ತದೆ. ಕೂಲಿಂಗ್ ಗ್ಲಾಸಿನ ಕಪ್ಪು ಈ ಅಳತೆಯಲ್ಲಿ ಸುಮಾರು 3. ಅಂದರೆ 10ನೇ ನಂಬರಿನ ಗಾಜಿಗಿಂತ ಸಾವಿರ ಪಟ್ಟು ಬೆಳಕು ಒಳಗೆ. ಎರಡು ಕೂಲಿಂಗ್ ಗ್ಲಾಸ್ ಒಂದರ ಮೇಲೊಂದು ಏರಿಸುವ ಬುದ್ಧಿವಂತರೂ ಉಂಟು. ಮೂರೂ ಮೂರೂ ಕೂಡಿದರೆ ಆರಾದರೂ ಆಗಬೇಕಿತ್ತು. ಗಾಜಿನ ಗಣಿತದಲ್ಲಿ ಕೂಡಿ ಒಂದು ಕಳೆಯಬೇಕು, ಐದೇ. ಗ್ಯಾಸ್ ವೆಲ್ಡಿಂಗಿಗಾದರೆ 5 ಸರಿ, ಕರೆಂಟಿನ ಆರ್ಕಿಗೆ, ಅಂದರೆ ರಾಡಿನ ತುದಿಯಲ್ಲಿ ಹೊತ್ತುವ ಆ ಕಿಡಿಬೆಳಕಿಗೆ, ಏನೇನೂ ಸಾಲದು. ಅಷ್ಟಕ್ಕೂ ಕಣ್ಣು ಸುಡುವುದು ಕಾಣುವ ಬೆಳಕಲ್ಲ, ಕಾಣದ ನೇರಳಾತೀತ ಕಿರಣ. ಅದಕ್ಕೆ ಕಪ್ಪು ಬಣ್ಣ ನೋಡಿ ಹೆದರುವ ಅಭ್ಯಾಸವಿಲ್ಲ.

ಇನ್ನೊಂದು ಪಂಗಡ, ಕಪ್ಪಾದಷ್ಟೂ ಕ್ಷೇಮ ಎನ್ನುವವರು. ಗ್ರಿಲ್ ಬೆಸೆಯಲು 14ನೇ ನಂಬರು ತರುತ್ತಾರೆ. ಅದು ಗ್ರಹಣದ ಸೂರ್ಯನನ್ನು ನೋಡುವ ಗಾಜು ಮಾರಾಯ್ರೇ! ಅದರಲ್ಲಿ ಜಾಯಿಂಟೂ ಕಾಣದು, ಕರಗಿದ ಕಬ್ಬಿಣ ಯಾವುದು, ಅದರ ಮೇಲೆ ತೇಲುವ ಕಿಟ್ಟ, ಅಂದರೆ ಸ್ಲ್ಯಾಗ್, ಯಾವುದು ಎಂಬುದೂ ಕಾಣದು. ಕಾಣದಿದ್ದಾಗ ಗಾಜು ಕೂರಿಸಿದ ಮುಖದ ಗುರಾಣಿ, ಅಂದರೆ ಶೀಲ್ಡ್, ಎತ್ತಿ ಬರಿಗಣ್ಣಲ್ಲಿ ರಾಡ್ ತಾಗಿಸುತ್ತಾರೆ. ಕ್ಷೇಮ ಮುಗಿಯಿತು.

ಆಗಬೇಕಾದ್ದು ಇಷ್ಟೇ. 12 ನಂಬರ್ ರಾಡಿಗೆ, ಅಂದರೆ 2.5 ಮಿಲಿಮೀಟರಿನದಕ್ಕೆ, 10ನೇ ಗಾಜು. 3.15ರ ರಾಡನ್ನು 100-130 ಆಂಪಿಯರಿನಲ್ಲಿ ಓಡಿಸಿದರೆ 10 ಅಥವಾ 11. 4 ಮಿಲಿಮೀಟರಿನದಕ್ಕೆ 11 ಅಥವಾ 12. ಮೊದಲು ಕಪ್ಪು ಹೆಚ್ಚಿರುವುದನ್ನು ಹಾಕಿ, ಕಾಣದಿದ್ದರೆ ಒಂದು ನಂಬರು ಇಳಿಯಬೇಕು. ಕಪ್ಪು ಗಾಜಿನ ಮುಂದೆ ಬಿಳಿ ಗಾಜು ಇರಲೇಬೇಕು. ಕಿಡಿ ಹಾರಿ ಅದು ಮಸುಕಾದರೆ ಬದಲಿಸಬೇಕು. ನಮ್ಮಲ್ಲಿ ಅದನ್ನು ಬದಲಿಸುವುದು ಒಡೆದಾಗ, ಅದೂ ಯಾರ ಕೈಯಿಂದ ಒಡೆಯಿತೆಂದು ತೀರ್ಮಾನವಾದ ಮೇಲೆ.

ದುಡ್ಡಿದ್ದವರು ತಾನಾಗಿ ಕಪ್ಪಾಗುವ ಆಟೋ ಹೆಲ್ಮೆಟ್ ತರುತ್ತಾರೆ. ಕಟಿಂಗ್ ವೀಲಿಗೆಂದು ಗ್ರೈಂಡ್‌ಗೆ ತಿರುಗಿಸಿದ ಗುಂಡಿಯನ್ನು ವಾಪಸ್ ತಿರುಗಿಸಲು ಮರೆತರೆ ಅದು ಕಪ್ಪಾಗುವುದೇ ಇಲ್ಲ. ಸೆನ್ಸರಿಗೆ ಪೈಪು ಅಡ್ಡ ಬಂದರೂ ಅಷ್ಟೇ. ಇನ್ನು ಜಡಿಮಳೆಯ ಮೂರು ತಿಂಗಳು ಅಟ್ಟದ ಮೇಲೆ ಮಲಗಿದ್ದ ಬ್ಯಾಟರಿ, ಆಯುಧಪೂಜೆಗೆ ಕುಂಕುಮ ಹಚ್ಚಿದ ಮಾತ್ರಕ್ಕೆ ಏಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ವಿದ್ಯೆ ಮುಖ ತಿರುಗಿಸುವುದು. ಪೈಪು ಅಲುಗದಂತೆ ಹಾಕುವ ಚುಕ್ಕೆ ಬೆಸುಗೆಗೆ ಟ್ಯಾಕ್ ಎಂದು ಹೆಸರು. "ಒಂದೇ ಟ್ಯಾಕ್, ಅದಕ್ಯಾಕೆ ಶೀಲ್ಡು?" ಎನ್ನುತ್ತ ವೆಲ್ಡರ್ ಆ ಕಡೆ ತಿರುಗುತ್ತಾನೆ, ಪೈಪು ಹಿಡಿದ ಹುಡುಗ ಈ ಕಡೆ. ಇಂಥ ಒಂದೇ ಟ್ಯಾಕ್ ದಿನಕ್ಕೆ ಎಪ್ಪತ್ತು. ಆಗ ಏನೂ ಆಗುವುದಿಲ್ಲ, ಅದೇ ಮೋಸ. ಆರರಿಂದ ಹನ್ನೆರಡು ತಾಸಿನ ಮೇಲೆ, ಊರು ಮಲಗಿದಾಗ, ಕಣ್ಣಿಗೆ ಮರಳು ಸುರಿದಂತಾಗುತ್ತದೆ. ಆಲೂಗಡ್ಡೆ ಹೋಳು ಬರುತ್ತದೆ. ಬಳಿಕ ಎದೆಹಾಲಿನ ಹುಡುಕಾಟ. ಹಗಲಲ್ಲಿ ಪೇಟೆಗೆ ಹೋಗಿ ಗಾಜು ತರಲು ಪುರಸೊತ್ತಿಲ್ಲದವರು, ನಡುರಾತ್ರಿ ಪಕ್ಕದ ಮನೆಯ ಬಾಣಂತಿಯನ್ನು ಎಬ್ಬಿಸಲು ಹಿಂಜರಿಯುವುದಿಲ್ಲ. ಕಣ್ಣಾಸ್ಪತ್ರೆಯ ನೆನಪು ಬೆಳಗಿನ ಕಾಫಿಯ ನಂತರ.

ಅಂತೂ ಗೇಟು ನಿಲ್ಲುತ್ತದೆ. ಕಂಡವರ ದೃಷ್ಟಿ ತಾಗದಿರಲೆಂದು ಯಜಮಾನರು ಬೂದುಗುಂಬಳ ತರುತ್ತಾರೆ. ಅದನ್ನು ಕಟ್ಟಲು ಮೇಲೊಂದು ಕೊಕ್ಕೆ ಬೇಕಲ್ಲ. ವೆಲ್ಡರ್ ಏಣಿ ಹತ್ತಿ, ನೀರಿಳಿಯುವ ಕಣ್ಣನ್ನು ತೋಳಿಗೆ ಒರೆಸಿ, ಮುಖ ತಿರುಗಿಸಿ ಕೊನೆಯ ಟ್ಯಾಕ್ ಹಾಕುತ್ತಾನೆ.