ಎರಡು ಕೈಯಿಂದ, ಮೂರು ಚಾಪೆಯಿಂದ

ಅಡಿಕೆ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್. ನಮ್ಮ ಭಾವನನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಈ ಲೆಕ್ಕ ತಪ್ಪುವುದಿಲ್ಲ. ಆದರೆ 'ಎರಡು ಕೈಯಿಂದ, ಮೂರು ಚಾಪೆಯಿಂದ' ಎಂಬ ಇಸ್ಪೀಟಾಟದ ಒಂದೇ ಒಂದು ಸಾಲು ಮಾತ್ರ ಅವರ ತಲೆಗೆ ಹತ್ತುವುದಿಲ್ಲ. ಆರಿದ್ರಾ ಮಳೆಗೆ ಶುರುವಾದ ಪಾಠ. ಈಗ ಪುಷ್ಯ ಮಳೆ. ಮೊನ್ನೆ ರಾತ್ರಿಯೂ ಅದೇ ರಾಮಾಯಣ.

ಆಟದ ಹೆಸರು ಒಮಾಹಾ. ಟೆಕ್ಸಾಸ್ ಹೋಲ್ಡೆಮ್ ಎಂಬ ಪೋಕರ್ ಆಟದ ದಾಯಾದಿ. ಹೋಲ್ಡೆಮ್‌ನಲ್ಲಿ ಒಬ್ಬೊಬ್ಬರಿಗೆ ಎರಡು ಎಲೆ, ಇದರಲ್ಲಿ ನಾಲ್ಕು. ನಡುವೆ ಚಾಪೆ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಕೈಯಿಂದ ಸರಿಯಾಗಿ ಎರಡು, ಚಾಪೆಯಿಂದ ಮೂರು ಸೇರಿಸಿ ಐದೆಲೆ ಜೋಡಿಸಬೇಕು, ಯಾರದ್ದು ದೊಡ್ಡದೋ ಅವರು ಗೆದ್ದರು. ತೀರ್ಥಹಳ್ಳಿ ಕಡೆ ಜುಲೈನಲ್ಲಿ ಕರೆಂಟು ಹೋದರೆ ಇದಕ್ಕಿಂತ ಒಳ್ಳೆ ಕಾಲಕ್ಷೇಪ ಇಲ್ಲ ಅಂತ ನಾನೇ ಹೇಳಿಕೊಟ್ಟದ್ದು. ತಪ್ಪು ನನ್ನದೇ.

ದುಡ್ಡು ಇಡುವುದಿಲ್ಲ, ಅಡಿಕೆ ಇಡುತ್ತೇವೆ. ಅಡಿಕೆಯ ಒಂದೊಂದು ದರ್ಜೆಗೆ ಒಂದೊಂದು ಬೆಲೆ: ಗೊರಬಲು ಒಂದು, ರಾಶಿ ಐದು, ಬೆಟ್ಟೆ ಹತ್ತು, ಸರಕು ಇಪ್ಪತ್ತೈದು. ಮಂಡಿಯ ದರಕ್ಕೆ ಪೂರಾ ಹೊಂದದಿದ್ದರೂ ಯಾವುದು ಮೇಲು, ಯಾವುದು ಕೀಳು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಇದರಲ್ಲಿ ಒಂದೇ ತೊಂದರೆ: ಆಟ ಮುಗಿದ ಮೇಲೆ ಎಣಿಸಿದರೆ ಏಳೆಂಟು ರಾಶಿ ಕಡಿಮೆ ಇರುತ್ತದೆ, ಭಾವನ ಎಡಗೆನ್ನೆ ಉಬ್ಬಿರುತ್ತದೆ.

ಎಲೆ ಎತ್ತುವ ಮೊದಲೇ ಮೊದಲ ಎಡವಟ್ಟು. ಹಂಚುವವರ ಎಡಗಡೆಯವರು ಸಣ್ಣ ಬ್ಲೈಂಡ್ ಅಂತ ಒಂದು ಗೊರಬಲು, ಅವರ ಪಕ್ಕದವರು ದೊಡ್ಡ ಬ್ಲೈಂಡ್ ಅಂತ ಎರಡು ಹಾಕಬೇಕು. ಅಷ್ಟೇ, ಆಮೇಲೆ ಎಲೆ ನೋಡಬಹುದು. ತೀನ್ ಪತ್ತಿ ಆಡಿ ಬೆಳೆದ ಭಾವನಿಗೆ ಬ್ಲೈಂಡ್ ಅಂದರೆ ಎಲೆ ಮುಟ್ಟದೆ ಆಡುವ ಪೌರುಷ. ನಾಲ್ಕೂ ಎಲೆ ಮಂಡಿಯಡಿ ಒತ್ತಿಕೊಂಡು ಮೀಸೆ ತಿರುವುತ್ತಾರೆ.

ಒಂದು ಸುತ್ತು ಪಣ ಆದಮೇಲೆ ಕಟ್ಟಿನ ಮೇಲಿನ ಒಂದು ಎಲೆ ಯಾರಿಗೂ ತೋರಿಸದೆ ಬದಿಗೆ ಸರಿಸಿ, ಮೂರು ಎಲೆ ಬಿಚ್ಚಬೇಕು. ಅದು ಫ್ಲಾಪ್. ಮತ್ತೆ ಪಣ, ಮತ್ತೊಂದು ಬದಿಗೆ, ನಾಲ್ಕನೇ ಎಲೆ ಟರ್ನ್. ಹಾಗೆಯೇ ಐದನೆಯದು ರಿವರ್, ಕೊನೇ ಪಣ. ಬದಿಗೆ ಸರಿಸುವುದೇಕೆಂದರೆ ಕಟ್ಟಿನ ಮೇಲಿನ ಎಲೆಯ ಬೆನ್ನು ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ. ನಮ್ಮ ಕಟ್ಟಿನಲ್ಲಂತೂ ಸುಣ್ಣದ ಬೆರಳಚ್ಚಿರುವುದು ಇಸ್ಪೀಟು ರಾಣಿ ಅಂತ ಮಕ್ಕಳಿಗೂ ಗೊತ್ತು.

ಪಣಕ್ಕೂ ಮಿತಿ ಇದೆ, ನಡುವೆ ಬಿದ್ದಿರುವಷ್ಟೇ ಏರಿಸಬಹುದು. ನಡುವೆ ಹತ್ತಿದೆ, ಒಬ್ಬರು ಹತ್ತು ಹಾಕಿದರು, ಇಪ್ಪತ್ತಾಯಿತು. ನಾನು ಮೊದಲು ಅವರ ಹತ್ತಕ್ಕೆ ಸಮ ಹಾಕಿದರೆ ಮೂವತ್ತು. ಆ ಮೂವತ್ತನ್ನೇ ಮೇಲೆ ಏರಿಸಬಹುದು, ಕೈಯಿಂದ ಹೋಗುವುದು ಒಟ್ಟು ನಲವತ್ತು. ಆಶ್ಚರ್ಯವೆಂದರೆ ಭಾವನಿಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ಮಂಡಿ ವ್ಯವಹಾರ ಮಾಡಿದ ತಲೆ.

ಮೊನ್ನೆಯ ವಿಷಯಕ್ಕೆ ಬರೋಣ. ಚಾಪೆ ಮೇಲೆ ಆಟೀನು ಏಳು, ಇಸ್ಪೀಟು ಹತ್ತು, ಕಳಾವರ ರಾಣಿ, ಡೈಮನ್ ಐದು, ಇಸ್ಪೀಟು ಮೂರು. ಭಾವ ನಾಲ್ಕೆಲೆ ಪಟಪಟ ಬಡಿದರು: ಆಟೀನು ಎಕ್ಕ, ರಾಜ, ಒಂಬತ್ತು, ನಾಲ್ಕು. "ಕೆಳಗೊಂದು, ಮೇಲೆ ನಾಲ್ಕು. ಕಲರ್!" ಐದೂ ಒಂದೇ ಜಾತಿಯ ಎಲೆ ಅಂತ ಅವರ ಲೆಕ್ಕ. ಎರಡೂ ಕೈಯಲ್ಲಿ ಅಡಿಕೆ ಬಾಚಿಕೊಂಡೂ ಆಯಿತು.

"ಭಾವಾ, ಕೈಯಿಂದ ಎರಡೇ."

"ನನ್ನ ಕೈಯಲ್ಲಿ ನಾಲ್ಕು ಆಟೀನು ಇರೋದು ಸುಳ್ಳಾ ಹಂಗಾರೆ?"

"ಸುಳ್ಳಲ್ಲ. ಲೆಕ್ಕಕ್ಕೆ ಎರಡೇ."

"ಮತ್ತೆ ನಾಲ್ಕು ಎಂತಕ್ಕೆ ಹಂಚಿದ್ದು ಮಾರಾಯ?"

ಆರಿಸಿಕೊಳ್ಳಲಿಕ್ಕೆ. ನಾಲ್ಕರಲ್ಲಿ ಎರಡನ್ನು ಆರು ಬಗೆಯಲ್ಲಿ, ಐದರಲ್ಲಿ ಮೂರನ್ನು ಹತ್ತು ಬಗೆಯಲ್ಲಿ ಆರಿಸಬಹುದು, ಒಟ್ಟು 60 ದಾರಿ. ಕಲರ್ ಆಗಬೇಕಾದರೆ ಚಾಪೆ ಮೇಲೆಯೇ ಮೂರು ಆಟೀನು ಬರಬೇಕು. ನಾಲ್ಕನ್ನು ಭಾವನೇ ಹಿಡಿದು ಕೂತರೆ ಉಳಿಯುವುದು ಒಂಬತ್ತು, ಬರುವುದಾದರೂ ಎಲ್ಲಿಂದ? ಕೈಯಲ್ಲಿ ನಾಲ್ಕು ಎಕ್ಕ ಬಂದರೂ ಇದೇ ಗತಿ. ಒಂದು ಜೋಡಿ, ಅಷ್ಟೇ. ಮೂರನೆಯದು ಬರಲಿಕ್ಕೆ ಕಟ್ಟಿನಲ್ಲಿ ಎಕ್ಕವೇ ಉಳಿದಿರುವುದಿಲ್ಲ. ಉಲ್ಟಾ ಕೇಸೂ ಇದೆ: ಚಾಪೆ ಮೇಲೆ ನಾಲ್ಕು ಆಟೀನು, ಕೈಯಲ್ಲಿ ಒಂದು. ಹೋಲ್ಡೆಮ್‌ನಲ್ಲಿ ಅದು ಕಲರ್, ಇಲ್ಲಿ ಸೊನ್ನೆ.

ಮದುವೆ ಮಾತುಕತೆಯ ಉದಾಹರಣೆ ಕೊಟ್ಟೆ. ಹುಡುಗನ ಕಡೆಯಿಂದ ಇಬ್ಬರು, ಹುಡುಗಿ ಕಡೆಯಿಂದ ಮೂವರು ಕೂತು ಮಾತಾಡಬೇಕು ಅಂತ ಒಪ್ಪಂದ ಆಗಿದೆ ಅಂತ ಇಟ್ಟುಕೊಳ್ಳಿ ಭಾವಾ. "ನಾವು ನಾಲ್ಕು ಜನ ಹೋದ್ರೆ ಬೇಡ ಅಂತಾರಾ?" ಅಂದರು. ಅಷ್ಟರಲ್ಲಿ ಅಕ್ಕ ಮೂರರ ಜೋಡಿ ತೋರಿಸಿ, ಭಾವನ ತೋಳಿನಡಿಯಿಂದಲೇ ಅಡಿಕೆ ಎಳೆದುಕೊಂಡಳು. ಎಕ್ಕ-ರಾಜ ಬರಿಗೈ, ಜೋಡಿ ಚಿಕ್ಕದಾದರೂ ಮೇಲು.

ಒಂದು ವಿಷಯದಲ್ಲಿ ಮಾತ್ರ ಭಾವನ ಪರ ವಾದಿಸಬಹುದು. ತೀನ್ ಪತ್ತಿಯಲ್ಲಿ ಸೀಕ್ವೆನ್ಸ್, ಅಂದರೆ ಸಾಲಾಗಿ ಬರುವ ಎಲೆ, ದೊಡ್ಡದು, ಕಲರ್ ಚಿಕ್ಕದು. ಇಲ್ಲಿ ಉಲ್ಟಾ. ಮೂರೆಲೆಯಲ್ಲಿ ಬರಿ ಸೀಕ್ವೆನ್ಸ್ 720 ಬಗೆಯಲ್ಲಿ ಬರಬಹುದು, ಬರಿ ಕಲರ್ 1,096. ಐದೆಲೆಯಲ್ಲಿ ಸೀಕ್ವೆನ್ಸ್ 10,200, ಕಲರ್ 5,108. ಅಪರೂಪದ್ದಕ್ಕೆ ಬೆಲೆ ಹೆಚ್ಚು. ಗುಲಾಮನ ಕಥೆಯೂ ಹೀಗೇ ಉಲ್ಟಾ. 'ಇಪ್ಪತ್ತೆಂಟು' ಎಂಬ ಆಟ ಆಡುವಾಗ ಗುಲಾಮನೇ ದೊರೆ, ಮೂರು ಪಾಯಿಂಟು. ಇಲ್ಲಿ ಅವನು ರಾಣಿಯ ಕೆಳಗೆ. ಇಡೀ ಜನ್ಮ ಗುಲಾಮನನ್ನು ಎದೆಗವಚಿಕೊಂಡು ಬಂದವರಿಗೆ ಇದು ಸಣ್ಣ ಸಂಕಟವಲ್ಲ.

ಅಂದಹಾಗೆ, ಒಂದು ಕಟ್ಟಿನಲ್ಲಿ ಒಮಾಹಾವನ್ನು ಹನ್ನೊಂದು ಜನ ಆಡಬಹುದು. ನಾಲ್ಕರಂತೆ ನಲವತ್ತನಾಲ್ಕು, ಚಾಪೆಗೆ ಐದು, ಬದಿಗೆ ಮೂರು, ಸರಿಯಾಗಿ 52. ಈ ಜಗಲಿಯಲ್ಲಿ ಹಿಂದೆ ಹನ್ನೊಂದು ಜನರನ್ನು ಹುಡುಕಬೇಕಿರಲಿಲ್ಲ, ಎಲೆ ಸಾಲದೆ ಮಕ್ಕಳನ್ನು ಎಬ್ಬಿಸಬೇಕಿತ್ತು. ಈಗ ಮಕ್ಕಳೆಲ್ಲ ಬೆಂಗಳೂರು. ಉಳಿದವರು ನಾನು, ಅಕ್ಕ, ಭಾವ. ಹನ್ನೆರಡು ಎಲೆ ಹಂಚಿದರೆ ಮುಗಿಯಿತು, ಮಿಕ್ಕ ಕಟ್ಟು ಕೈಯಲ್ಲಿ ಭಾರವಾಗಿ ಉಳಿಯುತ್ತದೆ.

ಹಂಚಿದೆ. ಈ ಸಲ ಭಾವ ಎಲೆ ಎತ್ತಿ ಲಾಟೀನಿನ ಹತ್ತಿರ ಹಿಡಿದರು. ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಮುಖ ಅರಳಿತು, ಮೈ ಸ್ವಲ್ಪ ನಡುಗಿತು. ಒಂದು ಸರಕನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನಡುವಿಗೆ ತಳ್ಳಿ, ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು.

"ನಾಲ್ಕು ಎಕ್ಕಕ್ಕಿಂತ ದೊಡ್ಡದು ಎಂತ ಇದೆ ಮಾರಾಯ?"