ಸಂಬಳದ ಬದಲು ಮೀನು

ನಮ್ಮ ಸಂಶೋಧನಾ ಸಂಸ್ಥೆಯ ತ್ರೈಮಾಸಿಕ ಈ ಸಲ ಆರು ತಿಂಗಳು ತಡವಾಯಿತು. ಅಂಥ ಹೊತ್ತಿನಲ್ಲಿ ಎರಡು ಸಂಚಿಕೆಯನ್ನು ಒಂದೇ ರಟ್ಟಿನೊಳಗೆ ತುರುಕಿ ‘ಜೋಡಿ ಸಂಚಿಕೆ’ ಎಂದು ಕರೆದು ಮರ್ಯಾದೆ ಉಳಿಸಿಕೊಳ್ಳುವುದು ವಿದ್ವತ್ ಲೋಕದ ಹಳೆಯ ಪದ್ಧತಿ. ಒಂದು ವರ್ಷ ನಾವು ನಾಲ್ಕನ್ನೂ ಸೇರಿಸಿ ‘ವಿಶೇಷಾಂಕ’ ಮಾಡಿದ್ದೂ ಉಂಟು. ಓದುಗರಿಂದ ಒಂದೂ ದೂರು ಬರಲಿಲ್ಲ. ಅದೇ ಚಿಂತೆಗೆ ಕಾರಣ.

ಹೋದ ಭಾನುವಾರ ಕಾರ್ಯದರ್ಶಿಗಳೂ ನಾನೂ ಕೂತು ಲಕೋಟೆಗಳಿಗೆ ವಿಳಾಸದ ಚೀಟಿ ಅಂಟಿಸುತ್ತಿದ್ದೆವು. ಗೋಂದಿನ ಬಾಟಲಿ ಒಣಗಿಹೋಗಿತ್ತು. ಕಾರ್ಯದರ್ಶಿಗಳ ಊಟದ ಡಬ್ಬಿಯಲ್ಲಿ ಉಳಿದಿದ್ದ ಅನ್ನದ ಅಗುಳೇ ಗತಿ. ಒಂದು ಚೀಟಿ ಎತ್ತಿ ಕೇಳಿದೆ: “ಸಾರ್, ಇವರು ತೀರಿಕೊಂಡು ಎಂಟು ವರ್ಷ ಆಯ್ತಲ್ಲ?”

“ಆಯ್ತು. ಆದ್ರೆ ಪತ್ರಿಕೆ ವಾಪಸ್ ಬಂದಿಲ್ಲ ನೋಡಿ. ಯಾರೋ ತಗೋತಿದಾರೆ. ಓದುಗ ಸಿಕ್ಕಾಗ ಕಳ್ಕೋಬಾರದು.”

ಆ ಪುಣ್ಯಾತ್ಮರು 1984ರಲ್ಲಿ ನೂರೈವತ್ತು ರೂಪಾಯಿ ಕಟ್ಟಿ ಆಜೀವ ಸದಸ್ಯರಾದವರು. ಆಜೀವ ಎಂದರೆ ಯಾರ ಜೀವ, ಸದಸ್ಯರದೋ ಪತ್ರಿಕೆಯದೋ ಎಂಬುದನ್ನು ನಮ್ಮ ಬೈಲಾ ಹೇಳುವುದಿಲ್ಲ. ಆ ನೂರೈವತ್ತು ರೂಪಾಯಿ ಅಂಚೆ ಖರ್ಚಿಗೇ ಕರಗಿ ಎಷ್ಟೋ ಕಾಲವಾಗಿದೆ.

ಇಂಥ ಹೊತ್ತಿನಲ್ಲಿ ನನಗೆ ಸಮಾಧಾನ ಕೊಡುವುದು ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿ. ಅದರ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆ ಶುರು ಮಾಡಿದ್ದು ಸ್ವಂತ ಖರ್ಚಿನಲ್ಲಿ, ನಾಲ್ಕು ಕಾಸು ಉಳಿದೀತು ಎಂಬ ಆಸೆಯಿಂದ. ಆಸೆ ಆಸೆಯಾಗಿಯೇ ಉಳಿಯಿತು. 1686ರಲ್ಲಿ ಸೊಸೈಟಿ ಮೀನುಗಳ ಬಗ್ಗೆ ಚಿತ್ರಸಮೇತ ಒಂದು ದೊಡ್ಡ ಗ್ರಂಥ ಅಚ್ಚು ಹಾಕಿಸಿ ಕೈಸುಟ್ಟುಕೊಂಡಿತು. ಮಾರಾಟವಾಗಲಿಲ್ಲ. ಮರುವರ್ಷ ನ್ಯೂಟನ್ ಗುರುತ್ವಾಕರ್ಷಣೆಯ ನಿಯಮ ವಿವರಿಸಿ ಬರೆದ ‘ಪ್ರಿನ್ಸಿಪಿಯಾ’ ಅಚ್ಚಿಗೆ ಬಂದಾಗ ಗಲ್ಲಾಪೆಟ್ಟಿಗೆ ಖಾಲಿ. ಖರ್ಚು ಹೊತ್ತವನು ಗುಮಾಸ್ತಿಕೆ ಮಾಡುತ್ತಿದ್ದ ಎಡ್ಮಂಡ್ ಹ್ಯಾಲಿ, ಧೂಮಕೇತುವಿಗೆ ಹೆಸರು ಕೊಟ್ಟ ಅದೇ ಹ್ಯಾಲಿ. ಅವನಿಗೆ ಸಲ್ಲಬೇಕಿದ್ದ 50 ಪೌಂಡ್ ಸಂಬಳದ ಬದಲು ಸೊಸೈಟಿ ಕೊಟ್ಟದ್ದು ಮೀನಿನ ಪುಸ್ತಕದ 50 ಪ್ರತಿ! ಗುರುತ್ವಾಕರ್ಷಣೆಗೆ ಕಾಸಿಲ್ಲ, ಗುಮಾಸ್ತನಿಗೆ ಮೀನು. ನಮ್ಮ ಕಾರ್ಯಕಾರಿ ಸಮಿತಿ ಇದಕ್ಕಿಂತ ಹೆಚ್ಚೇನೂ ತಪ್ಪು ಮಾಡಿಲ್ಲ.

ಆದರೂ ಆಗಿನ ಕಾಲಕ್ಕೆ ಒಂದು ಮಾನ ಇತ್ತು: ಪತ್ರಿಕೆಯಿಂದ ಸಂಘಕ್ಕೆ ನಷ್ಟವಾದರೆ ಅದು ಸಂಘದ್ದೇ ನಷ್ಟ. ಈಗ ಲಾಭ ಬರುವ ದಾರಿ ಕಂಡುಹಿಡಿದಿದ್ದಾರೆ. ರೈತ ಭತ್ತ ಬೆಳೆಯುತ್ತಾನೆ, ಪಕ್ಕದ ಹೊಲದವನು ಪುಕ್ಕಟೆಯಾಗಿ ಕಲ್ಲು ಆರಿಸಿಕೊಡುತ್ತಾನೆ, ಸಾಹುಕಾರ ಚೀಲಕ್ಕೆ ಹೊಲಿಗೆ ಹಾಕುತ್ತಾನೆ, ಸಂಜೆ ಅದೇ ರೈತ ಅದೇ ಅಕ್ಕಿಯನ್ನು ದುಡ್ಡು ಕೊಟ್ಟು ಮನೆಗೆ ತರುತ್ತಾನೆ. ಇದರ ಹೆಸರು ವಿದ್ವತ್ ಪ್ರಕಾಶನ: ಬರೆಯುವವನು ವಿದ್ವಾಂಸ, ಪುಕ್ಕಟೆ ಪರಿಶೀಲಿಸುವವನು ಇನ್ನೊಬ್ಬ ವಿದ್ವಾಂಸ, ಮಾರುವವನು ಪ್ರಕಾಶಕ. ಚೀಲ ಬಿಚ್ಚಿ ಊರಿಗೆಲ್ಲ ಹಂಚಿ ಎಂದು ಯಾರಾದರೂ ಕೇಳಿದರೆ ಅದಕ್ಕೂ ದರ ಇದೆ. ಲೇಖನ ಎಲ್ಲರಿಗೂ ಪುಕ್ಕಟೆ ಓದಲು ಸಿಗಬೇಕಾದರೆ ಬರೆದವರ ಕಡೆಯಿಂದ ಕಟ್ಟಬೇಕೆಂದು ‘ನೇಚರ್’ ಪತ್ರಿಕೆ 2020ರಲ್ಲಿ ಪ್ರಕಟಿಸಿದ ದರ ಒಂದು ಲೇಖನಕ್ಕೆ 9,500 ಯೂರೋ. ಹ್ಯಾಲಿಗೆ ಮೀನಾದರೂ ಸಿಕ್ಕಿತ್ತು.

ನಮ್ಮ ಸರ್ಕಾರ 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು: ಮೂರು ವರ್ಷಕ್ಕೆ 6,000 ಕೋಟಿ, ಮೂವತ್ತು ಪ್ರಕಾಶಕರು, ಸುಮಾರು 13,000 ಪತ್ರಿಕೆ. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಹುಡುಗಿಗೂ ದೊಡ್ಡ ಪತ್ರಿಕೆ ಓದಲು ಸಿಗುತ್ತದೆ, ಅದರಲ್ಲಿ ನನಗೆ ತಕರಾರಿಲ್ಲ. ನಮ್ಮ ಗೋಂದಿನ ಬಾಟಲಿಗೆ ಅನುದಾನ ಯಾವ ಶೀರ್ಷಿಕೆಯಡಿ ಬರುತ್ತದೆ ಎಂದಷ್ಟೇ ಕಾರ್ಯದರ್ಶಿಗಳು ಹುಡುಕುತ್ತಿದ್ದಾರೆ.

ಅಂಟಿಸುವ ಕೆಲಸದ ನಡುವೆ ಒಬ್ಬ ಸಹಾಯಕ ಪ್ರಾಧ್ಯಾಪಕರ ಫೋನು ಬಂತು.

“ಸರ್, ನಿಮ್ಮದು ಕೇರ್ ಲಿಸ್ಟ್‌ನಲ್ಲಿ ಇದೆಯಾ?”

“ಆ ಲಿಸ್ಟೇ ಈಗ ಇಲ್ಲವಲ್ಲ.”

“ಗೊತ್ತು ಸರ್. ಇದ್ದಾಗ ಇತ್ತಾ?”

ಗುಣಮಟ್ಟ ಕಾಯಲೆಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಹುಟ್ಟುಹಾಕಿದ, ಮಾನ್ಯ ಪತ್ರಿಕೆಗಳ ಆ ಪಟ್ಟಿಗೆ ಸೇರಲು ನಾವು ಜೆರಾಕ್ಸಿಗೆ ಸುರಿದ ದುಡ್ಡಿನಲ್ಲಿ ಅರ್ಧ ಸಂಚಿಕೆ ಅಚ್ಚಾಗುತ್ತಿತ್ತು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿರುವುದಾಗಿ ಪ್ರಕಟಿಸಿತು. ಪಟ್ಟಿಯ ಮುಂದೆ ಸಾಲಿನಲ್ಲಿ ನಿಂತವರಿಗಿಂತ ಮೊದಲು ಪಟ್ಟಿಯೇ ಮನೆಗೆ ಹೋಯಿತು.

ಸಿ.ವಿ. ರಾಮನ್ 1928ರ ಮಾರ್ಚ್ 16ರಂದು ಬೆಂಗಳೂರಿನಲ್ಲಿ ತಮ್ಮ ಹೊಸ ವಿಕಿರಣದ ಬಗ್ಗೆ ಉಪನ್ಯಾಸ ಕೊಟ್ಟರು. ಅದು ಅಚ್ಚಾದದ್ದು ಕಲ್ಕತ್ತೆಯ ಅವರದೇ ಸಂಸ್ಥೆಯ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ. ಅದಕ್ಕಾಗ ಎರಡು ವರ್ಷ ವಯಸ್ಸು. ಇಂದಿನ ಬಡ್ತಿ ಸಮಿತಿಯ ಮುಂದೆ ಆ ಕಡತ ಬಂದಿದ್ದರೆ ಷರಾ ಹೀಗಿರುತ್ತಿತ್ತು: ಎಳೆ ಪತ್ರಿಕೆ, ಸ್ವಂತ ಸಂಸ್ಥೆ, ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದರೆಂಬ ಲೆಕ್ಕ) ನಮೂದಿಸಿಲ್ಲ, ಅಂಕ ಸೊನ್ನೆ. ನೊಬೆಲ್ ಸಮಿತಿಗೆ ಅಷ್ಟು ಕಟ್ಟುನಿಟ್ಟಿರಲಿಲ್ಲ, 1930ರಲ್ಲಿ ಕೊಟ್ಟೇಬಿಟ್ಟಿತು.

ಸಂಜೆಯ ಹೊತ್ತಿಗೆ ಅನ್ನ ಮುಗಿಯಿತು. ಇನ್ನೂ ನಲವತ್ತು ಲಕೋಟೆ ಉಳಿದವು. ಕರಡು ತಿದ್ದಿದ್ದಕ್ಕೆ ನನಗೊಂದು ಗೌರವಧನ ಬರಬೇಕಿತ್ತು. ಸಂಕೋಚದಿಂದಲೇ ಕೇಳಿದೆ. ಕಾರ್ಯದರ್ಶಿಗಳು ಮಾತಾಡದೆ ಎದ್ದು ಬೀರು ತೆಗೆದರು, ಧೂಳು ಕೊಡವಿ ಸೆಣಬಿನ ಹುರಿಯಲ್ಲಿ ಕಟ್ಟಿದ ಒಂದು ಗಂಟು ಕೈಗಿಟ್ಟರು: ನಮ್ಮದೇ ಪ್ರಕಟಣೆ, ವೀರಗಲ್ಲುಗಳ ಬಗ್ಗೆ, ಹನ್ನೆರಡು ಪ್ರತಿ.

“ಹೋದ ವರ್ಷದ್ದೂ ಬಾಕಿ ಇದೆ ಅಲ್ವಾ?” ಎನ್ನುತ್ತಾ ಎರಡನೇ ಗಂಟಿಗೆ ಕೈ ಹಾಕಿದರು.